ಕಾಣದ ಗಾಯ

ದೇಹಕ್ಕೆ ಪೆಟ್ಟು ಬಿದ್ದರೆ ಗಾಯ ಕಣ್ಣಿಗೆ ಕಾಣುತ್ತದೆ. ಕಂಡವರು ಮದ್ದು ಹಚ್ಚುತ್ತಾರೆ. ಮನಸ್ಸಿಗೆ ಬಿದ್ದ ಪೆಟ್ಟು ಒಳಗೇ ಉಳಿದು ನಡತೆಯಲ್ಲಿ ತೋರುತ್ತದೆ. ಆದುದರಿಂದ ಜನರು ಗಾಯವನ್ನರಿಯದೆ ನಡತೆಯನ್ನು ಹಳಿಯುವುದುಂಟು.

ರಾಜಾಜಿನಗರದ ಶಾಲೆಯೊಂದರ ಬಾಲಕನನ್ನು ಕಲ್ಪಿಸಿಕೊಳ್ಳೋಣ. ಮಾಗಡಿ ರಸ್ತೆಯ ಅಪಘಾತವೊಂದರಲ್ಲಿ ಅವನ ಅಣ್ಣ ಅವನ ಕಣ್ಣೆದುರಿಗೇ ತೀರಿಕೊಂಡಿದ್ದಾನೆ. ತಿಂಗಳ ಬಳಿಕ ಬಾಲಕನು ತರಗತಿಗೆ ಮರಳುತ್ತಾನೆ. ಹೊರಗೆ ವಾಹನವೊಂದು ಕರ್ಕಶವಾಗಿ ಬ್ರೇಕ್ ಹಾಕಿದರೆ ಬೆಚ್ಚಿಬೀಳುತ್ತಾನೆ. ಪಾಠದಲ್ಲಿ ಮನಸ್ಸು ನಿಲ್ಲದು. ಸಣ್ಣ ಮಾತಿಗೂ ಸಿಡುಕುತ್ತಾನೆ. ಇದು ಸೋಮಾರಿತನವಲ್ಲ, ಉದ್ಧಟತನವೂ ಅಲ್ಲ. ಅಪಾಯ ಎದುರಾದಾಗ ಎದೆಬಡಿತವನ್ನು ಏರಿಸಿ, ಓಡಲು ಅಥವಾ ಹೋರಾಡಲು ದೇಹವನ್ನು ಅಣಿಗೊಳಿಸುವುದು ಪ್ರಕೃತಿಯ ಏರ್ಪಾಡು. ಘೋರ ಆಘಾತದ ಅನಂತರ, ಅಪಾಯ ಕಳೆದರೂ ಆ ಕಟ್ಟೆಚ್ಚರ ಸುಲಭವಾಗಿ ಸಡಿಲಗೊಳ್ಳುವುದಿಲ್ಲ.

ಇಂತಹ ನೋವನ್ನು ಬೆಂಗಳೂರು ನಗರ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 90ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ ಬಹುಪಾಲು ಮಕ್ಕಳು. ಬೆಂಕಿ ಆರಿತು, ಮನೆಯವರ ಸಂಕಟ ಆರಲಿಲ್ಲ. ಮೃತರ ಬಂಧುಗಳ ದುಃಖವನ್ನು ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. ಸುಟ್ಟಗಾಯವಿಲ್ಲದವರೂ ದುರಂತದಲ್ಲಿ ಗಾಯಗೊಂಡಿರುತ್ತಾರೆಂಬುದನ್ನು ಇಂತಹ ಅಧ್ಯಯನಗಳು ನೆನಪಿಸುತ್ತವೆ.

ಹಾಗಾದರೆ ಅಂಥವರನ್ನು ಆದರಿಸುವ ಬಗೆ ಯಾವುದು? "ನಿನಗೇನು ಬಂದಿದೆ?" ಎಂದು ಗದರಿಸುವ ಬದಲು "ಈತನಿಗೆ ಏನು ಒದಗಿತೋ?" ಎಂದು ಮನದಲ್ಲೇ ಯೋಚಿಸುವುದು ಮೊದಲ ಹೆಜ್ಜೆ. ನಡೆದುದನ್ನು ಹೇಳೆಂದು ಪೀಡಿಸಬಾರದು. ಹೇಳತೊಡಗಿದರೆ ನಡುವೆ ತಡೆಯಲೂಬಾರದು. "ಎಲ್ಲಿ ಕುಳಿತರೆ ನಿನಗೆ ನೆಮ್ಮದಿ?" ಎಂದು ಉಪಾಧ್ಯಾಯರು ಕೇಳಿದರೆ ಆಯ್ಕೆ ಬಾಲಕನ ಕೈಗೆ ಬರುತ್ತದೆ. ಗೆಳೆಯನು ತಪ್ಪಿಹೋದ ಪಾಠವನ್ನು ಬರೆದುಕೊಡುವೆನೆಂದರೆ, ಮರುದಿನ ತಪ್ಪದೆ ತರಬೇಕು. ಒಮ್ಮೆಲೇ ಎಲ್ಲವನ್ನೂ ಕಳೆದುಕೊಂಡವನಿಗೆ ನಂಬಿಕೆ ಮರಳುವುದು ಇಂತಹ ಸಣ್ಣ ಮಾತುಗಳು ನಿಜವಾದಾಗಲೇ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸದ ದಿನ ನೆರೆಯವರು ಅಡುಗೆ ಮಾಡಿ ತರುವ ಪದ್ಧತಿ ಕನ್ನಡ ನಾಡಿನ ಅನೇಕ ಕಡೆ ಇದೆ. ತಿಳಿದ ಹಿರಿಯರು ಸಾವಿನ ಸಂಗತಿಯನ್ನು ಕೆದಕುವುದಿಲ್ಲ. ಬಡಿಸಿ, ಬಳಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಆರೈಕೆಯ ತಿರುಳು ಅಲ್ಲಿಯೇ ಇದೆ.

ಆದರೂ ಎಲ್ಲ ಗಾಯಗಳೂ ನೆರೆಹೊರೆಯ ಆದರದಿಂದಲೇ ಮಾಯುವುದಿಲ್ಲ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಗೆಳೆಯರು ಅದನ್ನು ಗುಟ್ಟಾಗಿಡದೆ ನಂಬಿಕೆಯ ಹಿರಿಯರಿಗೆ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ನೆರವು ಕೇಳಬಹುದು. ಮುರಿದ ಕೈಯನ್ನು ವೈದ್ಯರಿಗೆ ತೋರಿಸಲು ಯಾರೂ ನಾಚುವುದಿಲ್ಲ. ನೊಂದ ಮನಸ್ಸಿನ ವಿಷಯದಲ್ಲಿಯೂ ನಾಚಿಕೆ ಸಲ್ಲದು.