ಎರಡಕ್ಷರದ ಸುಳಿವು: ಕೃತಕ ಡಿ.ಎನ್.ಎ. ತುಣುಕು ಮತ್ತು ಬಿ-ಜೀವಕೋಶ

2022ರ ಮಾರ್ಚ್ 16ರಂದು ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕೋವಿಡ್ ಲಸಿಕೆ ಹಾಕುವ ಕಾರ್ಯವು ದೇಶದಲ್ಲಿ ಆರಂಭವಾಯಿತು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಕನ್ನಡ ಮನೆಗಳ ಮಕ್ಕಳೂ ಆ ಬೇಸಗೆಯಲ್ಲಿ ಸಾಲಿನಲ್ಲಿ ನಿಂತು ತೋಳೊಡ್ಡಿದರು. ಅವರಿಗೆ ದೊರೆತ ಲಸಿಕೆಯ ಹೆಸರು ಕೋರ್ಬಿವ್ಯಾಕ್ಸ್. ತಯಾರಿಸಿದ್ದು ಹೈದರಾಬಾದಿನ ಬಯಾಲಾಜಿಕಲ್ ಇ ಸಂಸ್ಥೆ. ಅದರ ಅರ್ಧ ಮಿಲಿಲೀಟರ್ ದ್ರವದಲ್ಲಿ ವೈರಾಣುವಿನ ಪ್ರೋಟೀನಿನ ಭಾಗ ಇದ್ದುದು ಕೇವಲ 25 ಮೈಕ್ರೋಗ್ರಾಂ. ಪ್ರಯೋಗಶಾಲೆಯಲ್ಲಿ ರಚಿಸಿದ ಡಿ.ಎನ್.ಎ. ತುಣುಕುಗಳಾದರೋ 750 ಮೈಕ್ರೋಗ್ರಾಂ. ಡಿ.ಎನ್.ಎ. ಎಂದರೆ ವಂಶದ ಬರಹವೆಂದು ಓದಿ ಬಲ್ಲ ತಾಯಿತಂದೆಗಳು, ಮಗುವಿನ ಮೈಗೆ ಹೊರಗಿನ ಡಿ.ಎನ್.ಎ. ಸೇರಿದರೆ ಗತಿಯೇನೆಂದು ಚಿಂತಿಸಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಶ್ನೆ ಸಹಜವಾದುದು, ಉತ್ತರವೂ ಇದೆ.

ಬಿಳಿಯ ರಕ್ತಕಣಗಳಲ್ಲಿ ಬಿ-ಜೀವಕೋಶಗಳೆಂಬ ಒಂದು ವರ್ಗವಿದೆ. ಇವು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ದುಗ್ಧಗ್ರಂಥಿಗಳಲ್ಲಿಯೂ ಗುಲ್ಮದಲ್ಲಿಯೂ ನೆಲೆಸುತ್ತವೆ. ರೋಗಾಣುಗಳನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳನ್ನು ತಯಾರಿಸುವುದು ಇವುಗಳ ಕಾಯಕ. ಒಂದೊಂದು ಬಿ-ಜೀವಕೋಶವೂ ಒಂದು ನಿರ್ದಿಷ್ಟ ಆಕಾರದ ವಸ್ತುವನ್ನು ಮಾತ್ರ ಗುರುತಿಸಬಲ್ಲದು. ಆದರೆ ಗುರುತಿಸಿದ ಮಾತ್ರಕ್ಕೆ ಅದು ಕೆಲಸಕ್ಕೆ ತೊಡಗುವುದಿಲ್ಲ. ಬಂದಿರುವುದು ಅಪಾಯಕಾರಿ ಎಂಬ ಇನ್ನೊಂದು ಸೂಚನೆಯೂ ಬೇಕು. ಸಾಮಾನ್ಯವಾಗಿ ಟಿ-ಜೀವಕೋಶಗಳು ಈ ಸೂಚನೆಯನ್ನು ಕೊಡುತ್ತವೆ. ರೋಗಾಣುವಿನ ಡಿ.ಎನ್.ಎ. ಸಹ ಕೊಡಬಲ್ಲದೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ಎಲ್ಲ ಜೀವಿಗಳ ಡಿ.ಎನ್.ಎ. ಲಿಪಿಯೂ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳದು. ಹಾಗಿರುವಾಗ ಶರೀರವು ತನ್ನದು ಯಾವುದು, ಪರರದು ಯಾವುದು ಎಂದು ಹೇಗೆ ತಿಳಿಯಬೇಕು? ಡೊಂಬಿವಲಿ ನಿಲ್ದಾಣದ ಬೆಳಗಿನ ನೂಕುನುಗ್ಗಲಿನಲ್ಲಿ ಯಾರೋ ಒಬ್ಬರು "ಹೌದ್ರೀ" ಎಂದರೆ ಸಾಕು, ಅವರು ಧಾರವಾಡದ ಕಡೆಯವರೆಂದು ಕನ್ನಡಿಗನ ಕಿವಿಗೆ ತಿಳಿಯುತ್ತದೆ, ಮುಖ ನೋಡಬೇಕಾಗಿಲ್ಲ. ಡಿ.ಎನ್.ಎ.ಗೂ ಇಂಥ ಒಂದು ನುಡಿಗಟ್ಟುಂಟು. ಸಿ ಅಕ್ಷರದ ಬೆನ್ನಿಗೇ ಜಿ ಬರುವ ಜೋಡಿಯು ಬ್ಯಾಕ್ಟೀರಿಯಗಳಲ್ಲಿ ಸುಮಾರು ಹದಿನಾರು ಜೋಡಿಗಳಿಗೆ ಒಂದರಂತೆ ಕಾಣುತ್ತದೆ. ಮನುಷ್ಯನ ಡಿ.ಎನ್.ಎ.ಯಲ್ಲಿ ಈ ಜೋಡಿ ಬಹಳ ವಿರಳ. ಇರುವೆಡೆಯಲ್ಲೂ ಬಹುಪಾಲು ಸಿ ಅಕ್ಷರಗಳ ಮೇಲೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಮುದ್ರೆ ಒತ್ತಿರುತ್ತದೆ. ಮುದ್ರೆಯಿಲ್ಲದ ಸಿ-ಜಿ ಕಂಡರೆ ಬಂದವನು ಹೊರಗಿನವನೆಂದು ತಿಳಿಯಬಹುದು.

ಈ ಸಂಗತಿ ಬೆಳಕಿಗೆ ಬಂದ ದಾರಿ ಸ್ವಾರಸ್ಯಕರವಾಗಿದೆ. ಎಳೆಯ ಮಕ್ಕಳ ತೋಳಿನಲ್ಲಿ ಕಲೆ ಉಳಿಸುವ ಬಿ.ಸಿ.ಜಿ. ಲಸಿಕೆಯ ಬ್ಯಾಕ್ಟೀರಿಯದಿಂದ ಬೇರ್ಪಡಿಸಿದ ಡಿ.ಎನ್.ಎ. ಅಂಶಕ್ಕೆ ಪ್ರಾಣಿಗಳಲ್ಲಿ ಗಡ್ಡೆಯನ್ನು ತಡೆಯುವ ಗುಣವಿದೆಯೆಂದು ಜಪಾನಿನ ಟೋಕುನಾಗ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಡಿ.ಎನ್.ಎ. ಎಂಬುದು ಜಡವಾದ ಬರಹವಷ್ಟೇ ಎಂಬ ನಂಬಿಕೆ ಆಗ ಬಲವಾಗಿತ್ತು. 1995ರಲ್ಲಿ ಅಮೆರಿಕದ ಐಯೊವಾ ವಿಶ್ವವಿದ್ಯಾನಿಲಯದ ಆರ್ಥರ್ ಕ್ರೀಗ್ ಮತ್ತು ಸಹೋದ್ಯೋಗಿಗಳು, ಮುದ್ರೆಯಿಲ್ಲದ ಸಿ-ಜಿ ಜೋಡಿಯುಳ್ಳ ಕೃತಕ ತುಣುಕುಗಳು ಇಲಿಯ ಬಿ-ಜೀವಕೋಶಗಳನ್ನು ನೇರವಾಗಿ ಎಚ್ಚರಿಸುವುದನ್ನು ತೋರಿಸಿದರು. ಅಕ್ಷರಗಳನ್ನು ತಿರುವುಮುರುವು ಮಾಡಿ ಜಿ-ಸಿ ಎಂದು ಬರೆದರೆ, ಇಲ್ಲವೇ ಮೀಥೈಲ್ ಮುದ್ರೆ ಒತ್ತಿದರೆ ಪರಿಣಾಮವು ಅಡಗಿತು. ಇದನ್ನು ಗುರುತಿಸುವ ಗ್ರಾಹಕವನ್ನು 2000ದಲ್ಲಿ ಜಪಾನಿನ ಒಸಾಕದ ಶಿಜುವೊ ಅಕಿರಾ ಅವರ ತಂಡ ಪತ್ತೆಹಚ್ಚಿತು. ಅದರ ಹೆಸರು ಟಿ.ಎಲ್.ಆರ್.-9.

ಈ ಗ್ರಾಹಕವು ಸೊಸೈಟಿಯ ಕಾವಲುಗಾರನಂತೆ ಹೊರಬಾಗಿಲಲ್ಲಿ ಕುಳಿತಿಲ್ಲ. ಜೀವಕೋಶವು ನುಂಗಿದ ವಸ್ತು ಮೊದಲು ಸೇರುವ ಆಮ್ಲೀಯವಾದ ಪುಟ್ಟ ಚೀಲದೊಳಗೆ ಅದರ ಸ್ಥಾನ. ರೋಗಾಣು ಜೀರ್ಣವಾಗಿ ಅದರ ಡಿ.ಎನ್.ಎ. ಹೊರಬೀಳುವುದು ಅಲ್ಲಿಯೇ; ಕೃತಕ ತುಣುಕೂ ಅಲ್ಲಿಗೇ ಬಂದು ಸೇರುತ್ತದೆ. ಗ್ರಾಹಕಕ್ಕೆ ಸಿ-ಜಿ ತಗುಲಿದೊಡನೆ ಸುದ್ದಿಯು ಪ್ರೋಟೀನುಗಳ ಒಂದು ಸರಣಿಯ ಮೂಲಕ ಕೋಶಕೇಂದ್ರವನ್ನು ಮುಟ್ಟುತ್ತದೆ. ಬಿ-ಜೀವಕೋಶ ಉಬ್ಬಿ ವಿಭಜಿಸತೊಡಗುತ್ತದೆ. ಟಿ-ಜೀವಕೋಶಗಳನ್ನು ಕರೆಯುವ ಗುರುತುಗಳನ್ನು ಮೈಮೇಲೆ ಧರಿಸುತ್ತದೆ. ಕೆಲವು ಪ್ರತಿಕಾಯಗಳನ್ನು ಸುರಿಸುವ ಪ್ಲಾಸ್ಮಾ ಕೋಶಗಳಾಗಿ ಮಾರ್ಪಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಬೇಕೆಂಬ ನಿಯಮವಿಲ್ಲ. ಇಲಿಯ ಗ್ರಾಹಕಕ್ಕೆ ಜಿ.ಎ.ಸಿ.ಜಿ.ಟಿ.ಟಿ. ಎಂಬ ಬರಹ ಪ್ರಿಯವಾದರೆ, ಮನುಷ್ಯನದಕ್ಕೆ ಜಿ.ಟಿ.ಸಿ.ಜಿ.ಟಿ.ಟಿ. ಹೆಚ್ಚು ಒಪ್ಪುತ್ತದೆ. ಇಲಿಯಲ್ಲಿ ಅನೇಕ ಬಗೆಯ ರಕ್ಷಕ ಕೋಶಗಳಲ್ಲಿ ಈ ಗ್ರಾಹಕವಿದೆ. ಮನುಷ್ಯನಲ್ಲಿ ಮುಖ್ಯವಾಗಿ ಬಿ-ಜೀವಕೋಶಗಳಲ್ಲಿ ಮತ್ತು ಡೆಂಡ್ರೈಟಿಕ್ ಕೋಶಗಳ ಒಂದು ಪಂಗಡದಲ್ಲಿ ಮಾತ್ರ. ಅದರಲ್ಲೂ ಹೊಸ ಬಿ-ಜೀವಕೋಶಗಳಲ್ಲಿ ಅಲ್ಪ. ತನ್ನ ವೈರಿಯನ್ನು ಒಮ್ಮೆ ಕಂಡು ನೆನಪಿಟ್ಟ ಕೋಶಗಳಲ್ಲಿ ಅಧಿಕ. ವೈರಿಯ ಗುರುತು ಮತ್ತು ಅಪಾಯದ ಸೂಚನೆ ಒಟ್ಟಿಗೆ ದೊರೆತಾಗ ಹೊಸ ಕೋಶವೂ ಚುರುಕಾಗುತ್ತದೆ. ಲಸಿಕೆಯಲ್ಲಿ ಪ್ರೋಟೀನು ಮತ್ತು ತುಣುಕುಗಳನ್ನು ಜೊತೆಗೂಡಿಸುವುದರ ಮರ್ಮ ಇದೇ.

ಇದರ ಪ್ರಯೋಜನ ಮೊದಲು ಸ್ಪಷ್ಟವಾದದ್ದು ಕಾಮಾಲೆ ತರುವ ಹೆಪಟೈಟಿಸ್-ಬಿ ರೋಗದ ಲಸಿಕೆಯಲ್ಲಿ. ದೊಡ್ಡವರಿಗೆ ಹಳೆಯ ಲಸಿಕೆಯನ್ನು ಆರು ತಿಂಗಳಲ್ಲಿ ಮೂರು ಬಾರಿ ಚುಚ್ಚಬೇಕು. ಬೆಳಗಿನ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರು ಮೂರನೆಯದನ್ನು ಮರೆತರೆ ಆಶ್ಚರ್ಯವೇನು? 2017ರ ನವೆಂಬರಿನಲ್ಲಿ ಅಮೆರಿಕ ಒಪ್ಪಿದ ಹೆಪ್ಲಿಸಾವ್-ಬಿ ಲಸಿಕೆಯು ಸಿ.ಪಿ.ಜಿ.-1018 ಎಂಬ ತುಣುಕನ್ನು ಒಳಗೊಂಡಿದ್ದು, ಒಂದು ತಿಂಗಳ ಅಂತರದ ಎರಡೇ ಚುಚ್ಚುಮದ್ದು ಸಾಕು. ದೊಡ್ಡ ಪರೀಕ್ಷೆಯೊಂದರಲ್ಲಿ ಇದನ್ನು ಪಡೆದವರಲ್ಲಿ ಶೇಕಡಾ 95 ಮಂದಿಗೆ ರಕ್ಷಣೆ ದೊರೆಯಿತು. ಹಳೆಯದರಲ್ಲಿ ಶೇಕಡಾ 81. ಲಸಿಕೆಗೆ ಸುಲಭವಾಗಿ ಸ್ಪಂದಿಸದ ಸಕ್ಕರೆ ಕಾಯಿಲೆಯವರಲ್ಲಿ ಅಂತರ ಇನ್ನೂ ಹೆಚ್ಚು: 90 ಮತ್ತು 65.

ಕೋರ್ಬಿವ್ಯಾಕ್ಸ್‌ನಲ್ಲಿ ಇದ್ದುದೂ ಇದೇ 1018. ಅದರ ಉದ್ದ 22 ಅಕ್ಷರಗಳು. ಸಿ-ಜಿ ಜೋಡಿ ಎರಡು ಬಾರಿ ಬರುತ್ತದೆ. ಶರೀರದ ಕಿಣ್ವಗಳು ಬೇಗನೆ ಕತ್ತರಿಸದಂತೆ ಅದರ ಬೆನ್ನೆಲುಬಿನಲ್ಲಿ ಕೆಲವು ಆಮ್ಲಜನಕದ ಪರಮಾಣುಗಳ ಬದಲು ಗಂಧಕವನ್ನು ಕೂಡಿಸಿದ್ದಾರೆ. ಈಗ ತಾಯಿತಂದೆಗಳ ಪ್ರಶ್ನೆಗೆ ಬರಬಹುದು. ಇನ್ಸುಲಿನ್‌ನಂಥ ಪುಟ್ಟ ಪ್ರೋಟೀನಿನ ಸಂಕೇತಕ್ಕೂ ಮುನ್ನೂರಕ್ಕೆ ಮೇಲ್ಪಟ್ಟು ಅಕ್ಷರಗಳು ಬೇಕು. 22 ಅಕ್ಷರಗಳ ಈ ತುಣುಕಿನಲ್ಲಿ ಯಾವ ವಂಶವಾಹಿಯೂ ಇಲ್ಲ. ಅದು ಕೆಲಸ ಮಾಡುವ ಜಾಗ ಆಗಲೇ ಹೇಳಿದ ಚೀಲ, ಕೋಶಕೇಂದ್ರದ ವರ್ಣತಂತುಗಳಲ್ಲ. ಕರೆಗಂಟೆ ಬಾರಿಸಿದವನು ಮನೆಯ ಪತ್ರಗಳನ್ನು ತಿದ್ದಿದಂತಾಗುವುದಿಲ್ಲ. ಅಹಮದಾಬಾದಿನ ಝೈಡಸ್ ಸಂಸ್ಥೆಯ, 2021ರ ಆಗಸ್ಟ್‌ನಲ್ಲಿ ಅನುಮತಿ ಪಡೆದ ಝೈಕೋವ್-ಡಿ ಬೇರೆಯೇ ಜಾತಿ, ಅದರ ಡಿ.ಎನ್.ಎ. ವೈರಾಣುವಿನ ಪ್ರೋಟೀನಿನ ಸಂಕೇತವನ್ನೇ ಹೊತ್ತಿತ್ತು. ಹೆಸರು ಒಂದೇ ಆದುದರಿಂದ ಇವೆರಡನ್ನೂ ಬೆರೆಸಿ ಮಾತನಾಡಿದವರು ಅನೇಕರು.

ಎಚ್ಚರಿಸುವುದು ಯಾವಾಗಲೂ ಹಿತಕರವೆಂದು ತಿಳಿಯಬಾರದು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಾಗಿ ಹೇಳುವ ಪುಡಿ, ಕಷಾಯಗಳು ಅಂಗಡಿಗಳಲ್ಲಿ ರಾಶಿಬಿದ್ದವು. ಆ ಶಕ್ತಿ ಮಿತಿಮೀರಿದರೆ ಏನಾಗುವುದೆಂದು ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ. ಲ್ಯೂಪಸ್ ಎಂಬ ವ್ಯಾಧಿಯಲ್ಲಿ ಬಿ-ಜೀವಕೋಶಗಳು ಸ್ವಂತ ಡಿ.ಎನ್.ಎ. ವಿರುದ್ಧವೇ ಪ್ರತಿಕಾಯಗಳನ್ನು ಹೊರಡಿಸುತ್ತವೆ. ಕೀಲು, ಚರ್ಮ, ಮೂತ್ರಪಿಂಡಗಳು ನರಳುತ್ತವೆ. ಇದು ಹೆಚ್ಚಾಗಿ ಹರೆಯದ ಸ್ತ್ರೀಯರನ್ನು ಕಾಡುತ್ತದೆ. ಇಂಥ ವ್ಯಾಧಿಯುಳ್ಳವರು ಯಾವ ಲಸಿಕೆಗೂ ಮೊದಲು ತಮ್ಮ ವೈದ್ಯರಿಗೆ ತಿಳಿಸುವುದು ಅಗತ್ಯ. 2020ರಲ್ಲಿ ಜನರು ಕೋವಿಡ್‌ಗೆಂದು ಔಷಧದ ಅಂಗಡಿಗಳಲ್ಲಿ ಹುಡುಕಿದ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆ ಬಹುಕಾಲದಿಂದ ಲ್ಯೂಪಸ್ ರೋಗಿಗಳ ನಿತ್ಯದ ಔಷಧ. ಅದು ಜೀವಕೋಶದ ಆ ಪುಟ್ಟ ಚೀಲದ ಆಮ್ಲೀಯತೆಯನ್ನು ತಗ್ಗಿಸುತ್ತದೆ; ಆಗ ಟಿ.ಎಲ್.ಆರ್.-9ಕ್ಕೆ ಸಿ-ಜಿ ಸುಳಿವು ಸರಿಯಾಗಿ ತಲುಪುವುದಿಲ್ಲ.