ಸ್ಕ್ಯಾನಿಂಗ್‌ಗೆ ಮುನ್ನ ಕರುಳಿಗೊಂದು ವಿರಾಮ

ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ‘ಉಸಿರು ಹಿಡಿಯಿರಿ’ ಎಂದರೆ ಹಿಡಿಯುತ್ತಾರೆ. ಕರುಳು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಅದರ ಗೋಡೆಯಲ್ಲಿರುವುದು ಪಟ್ಟೆಗಳಿಲ್ಲದ, ಅನೈಚ್ಛಿಕವಾದ ನಯ ಸ್ನಾಯು. ಕರುಳು ಅಲುಗಿದರೆ ಚಿತ್ರ ಮಸುಕಾಗುತ್ತದೆ.

ಅದನ್ನು ತಡೆಯಲು ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಚುಚ್ಚುಮದ್ದು ಕೊಡುತ್ತಾರೆ, ಸಾಮಾನ್ಯವಾಗಿ 20 ಮಿ.ಗ್ರಾಂ. ಸ್ನಾಯುವಿನ ಮಸ್ಕರಿನಿಕ್ ಗ್ರಾಹಕಗಳಲ್ಲಿ ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ನ ಕೆಲಸವನ್ನು ಇದು ತಡೆಯುತ್ತದೆ. ಮೂಲವಸ್ತು ಹಯೋಸಿನ್ ನಮ್ಮ ಬೇಲಿಬದಿಯ ದತ್ತೂರಿಯಲ್ಲೂ ಉಂಟು. ದತ್ತೂರಿ ತಿಂದವರಿಗೆ ಭ್ರಮೆ ಹಿಡಿಯುತ್ತದೆ. ಈ ಔಷಧ ರಕ್ತ-ಮಿದುಳು ತಡೆಗೋಡೆಯನ್ನು ಸುಲಭವಾಗಿ ದಾಟದ ಕಾರಣ ಆ ಭಯ ಕಡಿಮೆ. ಬಾಯಿ ಒಣಗಬಹುದು, ಸ್ವಲ್ಪ ಹೊತ್ತು ಕಣ್ಣು ಮಂಜಾಗಬಹುದು. ಕಿರಿದಾದ ಕೋನದ ಗ್ಲಾಕೋಮಾ ಅಥವಾ ಮಯಸ್ತೀನಿಯಾ ಗ್ರೇವಿಸ್ ಇದ್ದವರು ಮೊದಲೇ ಹೇಳಲೇಬೇಕು.

ಇದೇ ಕೆಲಸಕ್ಕೆ ಅಮೆರಿಕದಲ್ಲಿ ಬಳಕೆಯಲ್ಲಿರುವುದು ಗ್ಲುಕಗಾನ್: ಮೇದೋಜೀರಕ ಗ್ರಂಥಿಯ ಆಲ್ಫಾ ಕೋಶಗಳ ಹಾರ್ಮೋನ್, 29 ಅಮೈನೊ ಆಮ್ಲಗಳ ಸರಪಳಿ.

ನಯ ಸ್ನಾಯುವನ್ನು ಸಡಿಲಿಸಬೇಕಾದದ್ದು ಕರುಳಿನಲ್ಲಷ್ಟೇ ಅಲ್ಲ. ಹೃದಯದ ಸಿಟಿ ಆಂಜಿಯೊಗ್ರಾಂನಲ್ಲಿ ಹಿಗ್ಗಬೇಕಾದದ್ದು ರಕ್ತನಾಳ. ನಾಲಿಗೆಯಡಿ ನೈಟ್ರೊಗ್ಲಿಸರಿನ್ ಇಟ್ಟರೆ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ನಾಳದ ಸ್ನಾಯು ಸಡಿಲಗೊಳ್ಳುತ್ತದೆ. ನೈಟ್ರಿಕ್ ಆಕ್ಸೈಡ್‌ನ ಈ ಪಾತ್ರವನ್ನು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರ ವೈದ್ಯಕೀಯ ನೊಬೆಲ್ ಸಂದಿತು.