ಕಣದ ಟೆಂಟಿಗೆ ಯಾವ ಲೈಟು? ಕೊಳ್ಳೋ ಮುಂಚೆ ಲೆಕ್ಕ ಹಾಕಿ

ರಾಗಿ ಮೆದೆ ಒಟ್ಟಾಯ್ತು, ತೊಗರಿ ಕಣಕ್ಕೆ ಬಂತು, ಈರುಳ್ಳಿ ಕಿತ್ತು ಹೊಲದಲ್ಲೇ ರಾಶಿ ಬಿತ್ತು ಅಂದ್ರೆ ಒಂದಷ್ಟು ರಾತ್ರಿ ಹೊಲದಲ್ಲೇ ಕಳೆಯೋದು ತಪ್ಪಿದ್ದಲ್ಲ. ಹಿಂದೆ ಒಬ್ಬರು ಮಲಗೋ ಗುಡಿಸಲು, ಒಂದು ಲಾಟೀನು ಇದ್ರೆ ಮುಗೀತಿತ್ತು. ಈಗ ಬಹಳ ಕಡೆ 12 ಅಡಿ ಅಗಲ, 18 ಅಡಿ ಉದ್ದದ ದೊಡ್ಡ ಟೆಂಟೋ ಟಾರ್ಪಾಲೋ ಕಟ್ಟಿ, ಒಂದು ಮೂಲೆಯಲ್ಲಿ ಅಡುಗೆ, ಒಂದು ಕಡೆ ಚೀಲ, ಇನ್ನೊಂದು ಕಡೆ ನಾಲ್ಕೈದು ಜನ ಮಲಗೋ ಜಾಗ ಅಂತ ಮಾಡ್ಕೊಳ್ತಾರೆ. ಡಿಸೆಂಬರಿನಲ್ಲಿ ಸಂಜೆ ಆರೂವರೆಗೆಲ್ಲ ಕತ್ತಲು, ಬೆಳಿಗ್ಗೆ ಆರೂವರೆವರೆಗೂ ಸರಿಯಾಗಿ ಬೆಳಕಿಲ್ಲ. ಹನ್ನೆರಡು ಗಂಟೆ ಕತ್ತಲಿಗೆ ಫೋನಿನ ಟಾರ್ಚ್ ಸಾಲೋದಿಲ್ಲ.

ಮೊದಲು ಟೆಂಟಿನೊಳಗೆ ಏನು ಹಚ್ಚಬಾರದು ಅನ್ನೋದು ಗೊತ್ತಿರಲಿ. ಸೀಮೆಎಣ್ಣೆ ಬುಡ್ಡಿ, ಲಾಟೀನು, ಪೆಟ್ರೋಮ್ಯಾಕ್ಸ್, ಗ್ಯಾಸ್ ಲೈಟು, ಮೇಣದಬತ್ತಿ ಯಾವುದೂ ಒಳಗೆ ಬೇಡ. ಪ್ಲಾಸ್ಟಿಕ್ ಟಾರ್ಪಾಲು, ಪಾಲಿಯೆಸ್ಟರ್ ಬಟ್ಟೆ ಬೆಂಕಿ ತಾಗಿದ್ರೆ ಕರಗಿ ಉರಿಯುತ್ತಾ ಮೈಮೇಲೆ ತೊಟ್ಟಿಕ್ಕುತ್ತೆ. ಪಕ್ಕದಲ್ಲೇ ಒಣ ಹುಲ್ಲಿನ ಮೆದೆ ಇರುತ್ತೆ. ಇದು ಎಲ್ಲರಿಗೂ ಕಾಣೋ ಅಪಾಯ. ಕಾಣದೇ ಇರೋದು ಕಾರ್ಬನ್ ಮೊನಾಕ್ಸೈಡ್ ಅನ್ನೋ ಗಾಳಿ. ಚಳಿಗೆ ಅಂತ ಟೆಂಟಿನ ಬಾಗಿಲು ಬಿಗಿದು ಒಳಗೆ ಲಾಟೀನನ್ನೋ ಕೆಂಡವನ್ನೋ ಇಟ್ಕೊಂಡು ಮಲಗಿದ್ರೆ ಅದು ತುಂಬ್ಕೊಳ್ಳುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತೆ.

ಎರಡನೆಯದು ಪಂಪ್‌ಸೆಟ್ ಕರೆಂಟು. ಸ್ಟಾರ್ಟರ್ ಡಬ್ಬಿಯಿಂದ ಒಂದು ಫೇಸ್ ಎಳೆದು, ನ್ಯೂಟ್ರಲ್ ಬದಲು ನೆಲಕ್ಕೆ ಒಂದು ಕಬ್ಬಿಣದ ಗೂಟ ಹೊಡೆದು ಬಲ್ಬ್ ಹಚ್ಚೋದು ನಮ್ಮ ಕಡೆ ಮಾಮೂಲು. ಬಲ್ಬ್ ಉರಿಯುತ್ತೆ ನಿಜ. ಆದ್ರೆ ಬಲ್ಬಿನ ಮೂಲಕ ಬಂದ ಕರೆಂಟು ಆ ಗೂಟದಿಂದಲೇ ನೆಲಕ್ಕಿಳೀಬೇಕು. ಗೂಟ ಮಣ್ಣಿಗೆ ಸರಿಯಾಗಿ ಕಚ್ಚಿಕೊಂಡಿಲ್ಲ ಅಂದ್ರೆ ಗೂಟದಲ್ಲೇ ವೋಲ್ಟೇಜ್ ನಿಲ್ಲುತ್ತೆ. ಇಬ್ಬನಿ ಬಿದ್ದ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಅದನ್ನ ಮುಟ್ಟಿದವರ ಗತಿ ಏನು? ವೈರಿನ ಸುಲಿದ ಜಾಗ ಟೆಂಟಿನ ಕಬ್ಬಿಣದ ಕಂಬಕ್ಕೆ ತಾಗಿದ್ರಂತೂ ಇಡೀ ಟೆಂಟೇ ಶಾಕ್ ಹೊಡೆಯುತ್ತೆ. ಅದೂ ಅಲ್ದೆ ತ್ರೀಫೇಸ್ ಕರೆಂಟು ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ನಿಮಗೇ ಗೊತ್ತು. ಇದನ್ನ ಬಿಟ್ಟುಬಿಡಿ.

ಉಳಿದದ್ದು ಬ್ಯಾಟರಿಯ ಎಲ್‌ಇಡಿ. ಇದಕ್ಕೆ ಬೇಕಾದ ಮುಖ್ಯ ಸಾಮಾನು ನಿಮ್ಮ ಮನೆಯಲ್ಲೇ ಇರಬಹುದು.

ಸ್ಪ್ರೇಯರ್ ಬ್ಯಾಟರಿ ಲೆಕ್ಕ

ಬೆನ್ನಿಗೆ ಹಾಕೋ ಬ್ಯಾಟರಿ ಸ್ಪ್ರೇಯರ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿ ಇರುತ್ತೆ. ಎರಡನ್ನೂ ಗುಣಿಸಿದ್ರೆ 96 ವ್ಯಾಟ್ ಅವರ್. ಇದು ಲೆಡ್ ಆಸಿಡ್ ಬ್ಯಾಟರಿ ಆಗಿದ್ರೆ ಅರ್ಧ ಮಾತ್ರ ಬಳಸಿ. ಪೂರ್ತಿ ಬಸಿದ್ರೆ ಬೇಗ ಸಾಯುತ್ತೆ. ಅಂದ್ರೆ ಕೈಗೆ ಸಿಗೋದು ಸುಮಾರು 48.

ಈಗ ಖರ್ಚು ನೋಡಿ. ಅಡುಗೆ ಮೂಲೆಗೆ 5 ವ್ಯಾಟಿನ ಒಂದು ಬಲ್ಬ್ 3 ಗಂಟೆ ಉರಿದ್ರೆ 15. ಊಟ ಮಾಡೋ, ಚೀಲ ಹೊಲಿಯೋ ಕಡೆ ಇನ್ನೊಂದು 5 ವ್ಯಾಟ್ 4 ಗಂಟೆ, 20. ರಾತ್ರಿಯಿಡೀ ಬಾಗಿಲ ಹತ್ತಿರ 1 ವ್ಯಾಟಿನ ಪುಟ್ಟ ದೀಪ 10 ಗಂಟೆ, 10. ಒಟ್ಟು 45. ಸ್ಪ್ರೇಯರ್ ಬ್ಯಾಟರಿಗೆ ಸರಿಹೋಯ್ತು. ಆದ್ರೆ ಎರಡು ಮೂರು ವರ್ಷ ದುಡಿದ ಹಳೇ ಬ್ಯಾಟರಿ ಇಷ್ಟು ಕೊಡಲ್ಲ. ಅದನ್ನ ನಂಬ್ಕೊಂಡು ಹೊಲಕ್ಕೆ ಹೋಗೋ ಮುಂಚೆ ಮನೆಯಲ್ಲೇ ಒಂದು ರಾತ್ರಿ ಉರಿಸಿ ನೋಡಿ.

ಹೊಸದಾಗಿ ಕೊಳ್ಳೋರಿಗೆ ನನ್ನ ಸಲಹೆ ಲಿಥಿಯಂ ಫಾಸ್ಫೇಟ್ ಬ್ಯಾಟರಿ. 12.8 ವೋಲ್ಟ್, 6 ಆಂಪಿಯರ್ ಅವರಿನದ್ದು ಸುಮಾರು 77 ವ್ಯಾಟ್ ಅವರ್. ಅದರಲ್ಲಿ ಶೇಕಡಾ 80ರಷ್ಟು ನಿಶ್ಚಿಂತೆಯಿಂದ ಬಳಸಬಹುದು. ದುಡ್ಡು ಜಾಸ್ತಿ, ತೂಕ ಕಮ್ಮಿ, ಬಾಳಿಕೆ ಬಹಳ ಹೆಚ್ಚು. ಆದ್ರೆ ಅದಕ್ಕೆ ಅದರದ್ದೇ ಚಾರ್ಜರ್ ಬೇಕು.

ಬಲ್ಬ್ ಕೇಳೋವಾಗ "12 ವೋಲ್ಟ್ ಡಿಸಿ ಬಲ್ಬ್" ಅಂತ ಬಾಯಿ ಬಿಟ್ಟು ಕೇಳಿ. ಮನೆಯ ಬಲ್ಬ್ ಇದಕ್ಕೆ ಹತ್ತಲ್ಲ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 5 ಆಂಪಿಯರಿನ ಒಂದು ಫ್ಯೂಸ್ ಹಾಕಿ. 12 ವೋಲ್ಟು ಶಾಕ್ ಹೊಡೆಯಲ್ಲ ಅಂತ ಜನ ಅಸಡ್ಡೆ ಮಾಡ್ತಾರೆ. ಆದ್ರೆ ಎರಡು ವೈರು ಒಂದಕ್ಕೊಂದು ತಾಗಿದ್ರೆ ಅವು ಕೆಂಪಗೆ ಕಾದು ಹುಲ್ಲಿಗೆ ಬೆಂಕಿ ಹಚ್ಚೋವಷ್ಟು ಶಕ್ತಿ ಈ ಬ್ಯಾಟರಿಗಿದೆ.

ಪವರ್ ಬ್ಯಾಂಕ್ ಸಾಕಾಗಲ್ವಾ ಅಂತ ಕೇಳ್ತೀರಿ. 10,000 ಎಂಎಎಚ್ ಅಂತ ಬರೆದದ್ದು ಒಳಗಿನ 3.7 ವೋಲ್ಟಿನ ಲೆಕ್ಕ, ಅಂದ್ರೆ 37 ವ್ಯಾಟ್ ಅವರ್. ಪರಿವರ್ತನೆಯಲ್ಲಿ ಹೋಗೋದು ಹೋಗಿ ಕೈಗೆ ಸಿಗೋದು 30ರ ಆಸುಪಾಸು. ಒಂದು ಯುಎಸ್‌ಬಿ ಬಲ್ಬಿಗೆ ಆಗುತ್ತೆ. ಆದ್ರೆ ಚಿಕ್ಕ ರಾತ್ರಿದೀಪ ಹಾಕಿದ್ರೆ ಕೆಲವು ಪವರ್ ಬ್ಯಾಂಕು "ಯಾರೂ ಬಳಸ್ತಿಲ್ಲ" ಅಂದ್ಕೊಂಡು ತಾನಾಗೇ ಆಫ್ ಆಗುತ್ತೆ. ಅದನ್ನ ಫೋನಿಗೇ ಮೀಸಲಿಡೋದು ವಾಸಿ. ತುರ್ತಿಗೆ ಫೋನ್ ಬೇಕೇ ಬೇಕು.

ಎಷ್ಟು ಬೆಳಕು, ಎಲ್ಲಿ ಕಟ್ಟೋದು

ಅಂಗಡಿಯಲ್ಲಿ ವ್ಯಾಟ್ ನೋಡಿ ಕೊಳ್ತೀವಿ. ಬೆಳಕಿನ ಅಳತೆ ಲುಮೆನ್. ಒಳ್ಳೆ 5 ವ್ಯಾಟ್ ಎಲ್‌ಇಡಿ 450ರಿಂದ 500 ಲುಮೆನ್ ಕೊಡುತ್ತೆ. ದೊಡ್ಡ ಟೆಂಟಿನ ನಡುವೆ ಒಂದೇ ದೊಡ್ಡ ಲೈಟು ಕಟ್ಟಿದ್ರೆ ಕಣ್ಣು ಕುಕ್ಕುತ್ತೆ, ಅಡುಗೆ ಮಾಡೋರ ನೆರಳು ಪಾತ್ರೆ ಮೇಲೇ ಬೀಳುತ್ತೆ, ಚೀಲದ ಹಿಂದೆ ಕಗ್ಗತ್ತಲು. ಎರಡು ಮೂರು ಚಿಕ್ಕವೇ ಮೇಲು.

ಎತ್ತರದ್ದು ಇನ್ನೊಂದು ಗುಟ್ಟು. 8 ಅಡಿಯಲ್ಲಿದ್ದ ಬಲ್ಬನ್ನ 4 ಅಡಿಗೆ ಇಳಿಸಿದ್ರೆ ಅದರ ಕೆಳಗೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತೆ. ಹಾಗಾಗಿ ತರಕಾರಿ ಹೆಚ್ಚೋ ಜಾಗಕ್ಕೆ ಹೆಚ್ಚು ವ್ಯಾಟ್ ಬೇಕಿಲ್ಲ, ಹಗ್ಗ ಉದ್ದ ಬಿಟ್ರೆ ಸಾಕು. ನೀಲಿ, ಹಸಿರು ಟಾರ್ಪಾಲು ಬೆಳಕನ್ನ ನುಂಗುತ್ತೆ. ಬಲ್ಬಿನ ಮೇಲುಗಡೆ ಒಂದು ಹಳೇ ಬಿಳಿ ಪಂಚೆ ಅಗಲವಾಗಿ, ಬಲ್ಬಿಗೆ ತಾಗದ ಹಾಗೆ ಕಟ್ಟಿ ನೋಡಿ, ಬೆಳಕು ಕೆಳಗೆ ಹರಡುತ್ತೆ.

ಫೋನಿನಲ್ಲಿ ಲಕ್ಸ್ ಮೀಟರ್ ಅನ್ನೋ ಉಚಿತ ಆ್ಯಪ್ ಸಿಗುತ್ತೆ. ಫೋನನ್ನ ನೆಲದ ಮೇಲೆ ಅಂಗಾತ ಇಟ್ಟು ನೋಡಿ. ಓಡಾಡೋ ಕಡೆ 15–20 ಬಂದ್ರೆ ಸಾಕು, ಕುಡುಗೋಲು ಚಾಕು ಹಿಡಿಯೋ ಕಡೆ 50 ದಾಟಲಿ. ಆ್ಯಪ್ ಹೇಳೋ ಅಂಕಿ ಫೋನಿನಿಂದ ಫೋನಿಗೆ ಸ್ವಲ್ಪ ಬೇರೆ ಇರುತ್ತೆ. ಆದ್ರೂ ಎರಡು ಲೈಟುಗಳನ್ನ ಹೋಲಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಬಿಳಿ ಬೆಳಕು, ಹುಳ, ಹಾವು

ಹೊಲದಲ್ಲಿ ಬೆಳಕಿನ ಬಲೆ ಇಟ್ಟು ಪತಂಗ ಹಿಡಿಯೋದು ನಿಮಗೆ ಗೊತ್ತು. ನೀಲಿ ಛಾಯೆಯ ಬೆಳಕಿಗೆ ಹುಳ ಹೆಚ್ಚು ಬರುತ್ತೆ. 6500 ಕೆಲ್ವಿನ್ ಅಂತ ಬರೆದ ಬಿಳಿ ಬಲ್ಬನ್ನ ಟೆಂಟಿನಲ್ಲಿ ಕಟ್ಟೋದು ಅಂದ್ರೆ ಅನ್ನದ ತಟ್ಟೆ ಮೇಲೆ ಬಲೆ ಇಟ್ಟ ಹಾಗೆ. 2700ರಿಂದ 3000 ಕೆಲ್ವಿನ್‌ನ ಹಳದಿ ಬಲ್ಬ್ ತಗೊಳ್ಳಿ. ಹುಳ ಪೂರ್ತಿ ನಿಲ್ಲಲ್ಲ, ಕಮ್ಮಿಯಾಗುತ್ತೆ.

ಇದು ಬರೀ ಕಿರಿಕಿರಿಯ ಮಾತಲ್ಲ. ಬೆಳಕಿಗೆ ಹುಳ, ಹುಳಕ್ಕೆ ಕಪ್ಪೆ ಹಲ್ಲಿ, ಅವುಗಳ ಹಿಂದೆ ಹಾವು. ಕಾಳಿನ ರಾಶಿಗೆ ಇಲಿ ಬೇರೆ ಬಂದಿರುತ್ತೆ. ಲೈಟ್ ಇದ್ರೆ ಹಾವು ಬರಲ್ಲ ಅನ್ನೋದು ಸುಳ್ಳು. ಬೆಳಕಿನ ಉಪಯೋಗ ಹಾವನ್ನ ಓಡಿಸೋದಲ್ಲ, ಅದು ನಿಮ್ಮ ಕಣ್ಣಿಗೆ ಕಾಣೋ ಹಾಗೆ ಮಾಡೋದು. ಆದ್ದರಿಂದ ಹೊರಗಿನ ಲೈಟನ್ನ ಬಾಗಿಲ ಮೇಲೆ ಕಟ್ಟಬೇಡಿ. ಹತ್ತು ಹದಿನೈದು ಅಡಿ ದೂರದ ಕಂಬಕ್ಕೆ ಕಟ್ಟಿ, ಬೆಳಕು ಬಾಗಿಲ ಕಡೆ ಬೀಳಲಿ. ಹುಳ ಅಲ್ಲೇ ಉಳಿಯುತ್ತೆ, ದಾರಿ ನಿಮಗೆ ಕಾಣುತ್ತೆ.

ಕಟ್ಟುಹಾವಿನ ವಿಷಯ ಗೊತ್ತಿರಲೇಬೇಕು. ರಾತ್ರಿ ಓಡಾಡುತ್ತೆ, ನೆಲದ ಮೇಲೆ ಮಲಗಿದವರನ್ನ ಕಚ್ಚುತ್ತೆ, ಎಷ್ಟೋ ಸಲ ನೋವೇ ಇರಲ್ಲ, ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಬಾಡೋದು, ಮಾತು ತೊದಲೋದು ಶುರುವಾದ್ರೆ ಗಾಳಿ ಗ್ರಹ ಅಂತ ಕೂರಬೇಡಿ. ಕಚ್ಚಿದ ಕಡೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ಮಂಚ ಇದ್ರೆ ಮಂಚದ ಮೇಲೆ, ಇಲ್ಲಾಂದ್ರೆ ಸೊಳ್ಳೆಪರದೆಯ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿ. ಪ್ರತಿಯೊಬ್ಬರ ತಲೆದಿಂಬಿನ ಪಕ್ಕ ಒಂದು ಟಾರ್ಚ್. ನೆಲಕ್ಕೆ ಬೆಳಕು ಬಿಡದೆ ಕಾಲಿಡಬೇಡಿ. ತಲೆಗೆ ಕಟ್ಟೋ ಟಾರ್ಚ್ ಆದ್ರೆ ಎರಡೂ ಕೈ ಖಾಲಿ ಇರುತ್ತೆ, ಹಂದಿ ಕಾಯೋರಿಗಂತೂ ಅದೇ ಸರಿ.

ಸೋಲಾರ್ ಕೊಳ್ಳೋವಾಗ

20 ವ್ಯಾಟಿನ ಪ್ಯಾನಲ್ ಸುಗ್ಗಿಕಾಲದ ಒಳ್ಳೆ ಬಿಸಿಲಿಗೆ ದಿನಕ್ಕೆ ಸುಮಾರು 60 ವ್ಯಾಟ್ ಅವರ್ ಕೊಡುತ್ತೆ, ಮೇಲಿನ ಲೆಕ್ಕಕ್ಕೆ ಸಾಕು. ನಡುವೆ ಚಾರ್ಜ್ ಕಂಟ್ರೋಲರ್ ಇರಲಿ. ಮಲೆನಾಡಿನ ಮಳೆಗಾಲಕ್ಕೆ ಇದೇ ಲೆಕ್ಕ ನಂಬಬೇಡಿ, ಅಲ್ಲಿ ಇದರ ಕಾಲುಭಾಗ ಸಿಕ್ಕಿದ್ರೂ ಪುಣ್ಯ.

ಆನ್‌ಲೈನಿನಲ್ಲಿ "100 ವ್ಯಾಟ್ ಸೋಲಾರ್ ಲೈಟ್" ಅಂತ ಐದಾರು ನೂರಕ್ಕೆ ಬರುತ್ತಲ್ಲ, ಅದರ ಪ್ಯಾನಲ್ ಅಳೆಯಿರಿ. ಒಂದು ಚದರ ಅಡಿ ಒಳ್ಳೆ ಪ್ಯಾನಲ್ ಕೊಡೋದು ಹೆಚ್ಚಂದ್ರೆ 15ರಿಂದ 20 ವ್ಯಾಟ್. ಅಂಗೈ ಅಗಲದ ಪ್ಯಾನಲ್ಲಿನಲ್ಲಿ 100 ಎಲ್ಲಿಂದ ಬರಬೇಕು? ಹೊರಗೆ ಕಟ್ಟೋ ಲೈಟಿಗೆ ಐಪಿ 65 ಅಂತ ಗುರುತಿರಲಿ, ದೂಳು ಒಳಗೆ ಹೋಗಲ್ಲ, ಮಳೆ ಹೊಡೆತವನ್ನೂ ತಡೆಯುತ್ತೆ. ಒಳಗಿನದಕ್ಕೆ ಐಪಿ 44 ಸಾಕು.

ತೋಟದಲ್ಲಿ ಟೆಂಟ್ ಹಾಕಿ ಪೇಟೆಯವರನ್ನ ಉಳಿಸಿಕೊಳ್ಳೋ ಯೋಚನೆ ಇದ್ದವರಿಗೂ ಇದೇ ಲೆಕ್ಕ. ಅವರು ಬರೋದೇ ನಕ್ಷತ್ರ ನೋಡೋಕೆ, ಫ್ಲಡ್ ಲೈಟ್ ಹಾಕಿ ಅದನ್ನೂ ಕೆಡಿಸಬೇಡಿ. ಪಕ್ಕದಲ್ಲಿ ಸೇವಂತಿಗೆಯೋ ಸೋಯಾ ಅವರೆಯೋ ಇದ್ರೆ ಇನ್ನೂ ಜಾಗ್ರತೆ. ಇವು ರಾತ್ರಿಯ ಉದ್ದ ಲೆಕ್ಕ ಹಾಕಿ ಹೂ ಬಿಡೋ ಗಿಡಗಳು. ಸೇವಂತಿಗೆ ಬೆಳೆಯೋರು ಹೂ ಮುಂದಕ್ಕೆ ಹಾಕೋಕೆ ಬೇಕಂತಲೇ ರಾತ್ರಿ ಬಲ್ಬ್ ಹಚ್ತಾರೆ. ನಿಮ್ಮ ಟೆಂಟಿನ ಲೈಟು ಪಕ್ಕದವರ ಹೊಲಕ್ಕೆ ವಾರಗಟ್ಟಲೆ ಬಿದ್ರೆ ಹಬ್ಬದ ಹೊತ್ತಿಗೆ ಅವರ ಹೂ ಸಿಗಲ್ಲ, ಜಗಳ ಖಂಡಿತ. ಬಲ್ಬಿನ ಸುತ್ತ ಒಂದು ತಗಡಿನ ಮುಚ್ಚಳ ಕಟ್ಟಿ ಬೆಳಕನ್ನ ಕೆಳಕ್ಕೆ ಇಳಿಸಿ.